ಮೂವತ್ತಾರು ಜಾಗ

ಬೆಳಗ್ಗೆ ಏಳಾಗುತ್ತಿದ್ದಂತೆ ಮನೆಯ ಹಿತ್ತಲಾಚೆ ಕೊಡತಿಯ ಸದ್ದು ಶುರುವಾಗುತ್ತದೆ. ಟೊಕ್ ಟೊಕ್, ಒಂದು ಬಿಡುವು, ಮತ್ತೆ ಟೊಕ್. ಅಲ್ಲೊಂದು ಸಣ್ಣ ದೋಣಿಕಟ್ಟೆಯಿದೆ. ಇಬ್ಬರು ಕುಕ್ಕರುಗಾಲಲ್ಲಿ ಕೂತು ಹಲಗೆಗಳ ಸಂದಿಗೆ ಹತ್ತಿಯ ಹುರಿ ತುರುಕುತ್ತಾರೆ. ಹುರಿ ಸಡಿಲವಿರುವಷ್ಟು ಹೊತ್ತು ಸದ್ದು ಮೆತ್ತಗಿರುತ್ತದೆ, ಸಂದಿ ತುಂಬಿ ಬಿಗಿಯಾದ ಮೇಲೆ ಗಟ್ಟಿಯಾಗುತ್ತದೆ. ನಾಲ್ಕು ವರ್ಷ ಅವಳಿಗೆ ಅದೇ ಗಡಿಯಾರವಾಗಿತ್ತು. ಮೊದಲ ಸದ್ದಿಗೆ ಹಾಸಿಗೆ ಹಿಡಿದಿದ್ದ ಅಮ್ಮನ ಮಗ್ಗುಲು ಬದಲಿಸಬೇಕು. ಅವರು ಚಹಾಕ್ಕೆಂದು ನಿಲ್ಲಿಸಿದಾಗ ಇನ್ನೊಂದು ಸಲ, ಊಟಕ್ಕೆ ಎದ್ದಾಗ ಮತ್ತೊಂದು ಸಲ.

ಅಮ್ಮ ಹೋದ ಮೇಲೂ ಎಷ್ಟೋ ದಿನ, ಮೊದಲ ಟೊಕ್ ಕೇಳಿದೊಡನೆ ಅವಳ ಎರಡು ಕೈಗಳು ತಾವಾಗಿಯೇ ಮುಂದೆ ಬರುತ್ತಿದ್ದವು. ಮುಂದೆ ಏನೂ ಇರುತ್ತಿರಲಿಲ್ಲ. ಮಂಚವನ್ನು ಆಸ್ಪತ್ರೆಯವರು ವಾಪಸ್ಸು ಒಯ್ದಿದ್ದರು. ಅದರ ನಾಲ್ಕು ಕಾಲು ಊರಿದ್ದ ಕಡೆ ನೆಲದ ಬಣ್ಣ ತಿಳಿಯಾಗಿ ಉಳಿದಿತ್ತು.

ಅವಳು ಅಳಲಿಲ್ಲ. “ಒಂದ್ಸಲ ಅತ್ತುಬಿಡೆ, ಹಗುರಾಗುತ್ತೆ,” ಎಂದು ಚಿಕ್ಕಮ್ಮ ಬೆನ್ನು ಸವರಿದಾಗ, “ಆಗ್ಲಿ ಚಿಕ್ಕಮ್ಮ,” ಅಂದಳು. ಸ್ವಲ್ಪ ಹೊತ್ತು ಕಾದು ನೋಡಿದಳು. ಏನೂ ಬರಲಿಲ್ಲ. ಪಾತ್ರೆ ತೊಳೆಯಲು ಎದ್ದುಹೋದಳು. ಅವಳಿಗೆ ಆಗ ಇಪ್ಪತ್ತೊಂಬತ್ತು. ಮನೆ ಅಣ್ಣನದು. ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು. ಅವಳಿದ್ದ ಅಮ್ಮನ ಕೋಣೆ ಮಕ್ಕಳಿಗೆ ಬೇಕಾಗಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ದೊಡ್ಡವನ ಪುಸ್ತಕಗಳು ಮಾತ್ರ ಒಂದೊಂದಾಗಿ ಅವಳ ಕಿಟಕಿಯ ಕಟ್ಟೆಗೆ ಬಂದು ಸೇರುತ್ತಿದ್ದವು.

ಅರ್ಜಿ ಹಾಕಿದವಳು ಅತ್ತಿಗೆ. ಪೇಪರಿನಲ್ಲಿ ಬಂದಿದ್ದ ನಾಲ್ಕು ಸಾಲಿನ ಜಾಹೀರಾತನ್ನು ಕತ್ತರಿಸಿ, ಪೆಟ್ಟಿಗೆಯ ತಳದಲ್ಲಿ ಒಂಬತ್ತು ವರ್ಷದಿಂದ ಮಲಗಿದ್ದ ನಾದಿನಿಯ ಡಿಪ್ಲೊಮಾ ಪ್ರಮಾಣಪತ್ರವನ್ನು ಹುಡುಕಿ ತೆಗೆದು, ಎಲ್ಲವನ್ನೂ ತುಂಬಿ, ಸಹಿಯ ಜಾಗದಲ್ಲಿ ಮಾತ್ರ ಬೆರಳಿಟ್ಟು ತೋರಿಸಿದಳು. ದೋಣಿ ಮತ್ತು ಹಡಗುಗಳ ತಪಾಸಣಾ ಕಚೇರಿಯಲ್ಲಿ ತರಬೇತಿ ತಪಾಸಕರ ಒಂದು ಹುದ್ದೆ. ದೋಣಿ ನೀರಿಗಿಳಿಯಲು ಯೋಗ್ಯವೇ ಅಲ್ಲವೇ ಎಂದು ನೋಡಿ ಹೇಳುವ ಕೆಲಸ.

“ದೋಣಿ ಅಂದ್ರೆ ಹತ್ತೋದು ಇಳಿಯೋದು ಬಿಟ್ಟು ಇವಳಿಗೇನು ಗೊತ್ತು?” ಎಂದ ಅಣ್ಣ.

“ನಿಮಗೆ ನಿಮ್ಮ ಸ್ಕೂಟರ್ ಬಗ್ಗೆ ಗೊತ್ತಿರೋ ಅಷ್ಟು ಗೊತ್ತಿದ್ರೆ ಸಾಲಲ್ವಾ,” ಎಂದಳು ಅತ್ತಿಗೆ. ಸ್ಕೂಟರು ಮೂರು ತಿಂಗಳಿಂದ ಅಂಗಳದಲ್ಲಿ ಬಟ್ಟೆ ಒಣಗಿಸುವುದಕ್ಕೆ ನಿಂತಿತ್ತು. ಆಮೇಲೆ ಅವಳತ್ತ ತಿರುಗಿ, “ಇಲ್ಲಿ ಕೂತು ಗೋಡೆ ನೋಡೋ ಬದಲು ದೋಣಿನಾದ್ರೂ ನೋಡು,” ಅಂದಳು.

ಸಂದರ್ಶನದಲ್ಲಿ ಮೂವರಿದ್ದರು. ಈ ಕೆಲಸಕ್ಕೆ ಯಾಕೆ ಬರಬೇಕು ಅನಿಸಿತು ಎಂದು ಕೇಳಿದಾಗ, “ಅತ್ತಿಗೆ ಅರ್ಜಿ ಹಾಕಿದ್ರು,” ಎಂದಳು. ಅವರು ನಕ್ಕರು. ಬಂದಿದ್ದ ಇನ್ನೊಬ್ಬ ಅಭ್ಯರ್ಥಿಗೆ ಕಟ್ಟಿಹಾಕಿದ್ದ ದೋಣಿಯ ಮೇಲೆ ಕಾಲಿಟ್ಟೊಡನೆ ವಾಂತಿಯಾಗಿತ್ತು. ಹಾಗಾಗಿ ಕೆಲಸ ಅವಳಿಗೆ ಬಂತು. ಷರತ್ತು ಒಂದೇ ಇತ್ತು. ಒಂದು ವರ್ಷದೊಳಗೆ ಹಿರಿಯ ತಪಾಸಕರ ಕೈಕೆಳಗೆ ನೂರು ದೋಣಿ ನೋಡಬೇಕು, ಪ್ರತಿಯೊಂದಕ್ಕೂ ದಾಖಲೆ ಪುಸ್ತಕದಲ್ಲಿ ಒಂದು ಪುಟ, ಇಬ್ಬರದೂ ಸಹಿ. ನೂರು ತುಂಬಿದರೆ ಕೆಲಸ ಕಾಯಂ, ಜೊತೆಗೆ ಕಚೇರಿಯ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ವಸತಿ. ತುಂಬದಿದ್ದರೆ ವರ್ಷದ ಕೊನೆಯ ದಿನ ಹುದ್ದೆಯೂ ಮುಗಿಯುತ್ತದೆ.

ನದಿ ಸಮುದ್ರ ಸೇರುವ ಆ ಊರು ಎರಡು ದಡಕ್ಕೆ ಹಂಚಿಹೋಗಿದೆ. ಮನೆ ಈ ದಡ, ಕಚೇರಿ ಆ ದಡ. ಸೇತುವೆ ತುಂಬ ಮೇಲೆ, ಬಸ್ಸಿನಲ್ಲಿ ಒಂದೂವರೆ ಗಂಟೆ. ಹಾಗಾಗಿ ಎಲ್ಲರೂ ಲಾಂಚಿನಲ್ಲೇ ದಾಟುತ್ತಾರೆ. ಒಬ್ಬನೇ ಮಾಲೀಕನ ಎರಡು ಮರದ ಲಾಂಚುಗಳು, ಒಂದೇ ವರ್ಷ ಕಟ್ಟಿದವು. ಎಂಬತ್ತು ಜನರದನ್ನು ದೊಡ್ಡದು ಎನ್ನುತ್ತಾರೆ, ಐವತ್ತು ಜನರದನ್ನು ಚಿಕ್ಕದು. ಅವಳು ದಿನಾ ಬೆಳಗ್ಗೆ ದೊಡ್ಡದರಲ್ಲಿ ಹೋಗಿ ಸಂಜೆ ದೊಡ್ಡದರಲ್ಲೇ ಬರುತ್ತಿದ್ದಳು.

ಹಿರಿಯ ತಪಾಸಕರನ್ನು ದೋಣಿಕಟ್ಟೆಗಳಲ್ಲೆಲ್ಲ ಕಿವಿಯಪ್ಪ ಎನ್ನುತ್ತಿದ್ದರು. ಎದುರಿಗೆ ಸಾಹೇಬ್ರೆ, ಬೆನ್ನ ಹಿಂದೆ ಕಿವಿಯಪ್ಪ. ಅದು ಅವರಿಗೂ ಗೊತ್ತಿತ್ತು. ಐವತ್ತೆಂಟು ವರ್ಷದ ಸಣಕಲು ಮನುಷ್ಯ. ಹೆಗಲ ಚೀಲದಲ್ಲಿ ಒಂದು ಪುಟ್ಟ ಸುತ್ತಿಗೆ, ಒಂದು ದಬ್ಬಣ, ಸೀಮೆಸುಣ್ಣ, ಚಹಾದ ಫ್ಲಾಸ್ಕು. ಮೂವತ್ತೆರಡು ವರ್ಷದಲ್ಲಿ ದೋಣಿ ಮಾಲೀಕರ ಮನೆಯ ನೀರನ್ನೂ ಕುಡಿದವರಲ್ಲ. ಫ್ಲಾಸ್ಕು ಅದಕ್ಕೆ.

ಮೊದಲ ದಿನ ಅವರು ಅವಳನ್ನು ದಡಕ್ಕೆಳೆದ ಮೀನು ದೋಣಿಯೊಂದರ ಹೊಟ್ಟೆಯ ಪಕ್ಕ ನಿಲ್ಲಿಸಿದರು. “ಕಣ್ಣನ್ನ ನಂಬಬೇಡಮ್ಮ. ಬಣ್ಣ ಬಳಿದ್ರೆ ಕಣ್ಣು ಸುಮ್ಮನಾಗಿಬಿಡುತ್ತೆ. ಕಿವಿ ಸುಮ್ಮನಾಗಲ್ಲ.” ಸುತ್ತಿಗೆಯಿಂದ ಹಲಗೆಗೆ ಮೆಲ್ಲಗೆ ಬಡಿದರು. ಟಣ್ ಎಂದಿತು. ಗಟ್ಟಿಮರ ಸುತ್ತಿಗೆಯನ್ನು ವಾಪಸ್ಸು ತಳ್ಳುತ್ತದೆ. ಪಕ್ಕದಲ್ಲಿ ಬಿದ್ದಿದ್ದ ಹಳೆಯ ಹಲಗೆಗೆ ಬಡಿದರು. ಬದ್ ಎಂದಿತು. ಕೊಳೆತ ಮರ ಸುತ್ತಿಗೆಯನ್ನು ಒಳಗೆ ಕರೆದುಕೊಳ್ಳುತ್ತದೆ. “ಬದ್ ಅಂದ ಕಡೆ ದಬ್ಬಣ ಒತ್ತು. ಒಳಗೆ ಹೋದಷ್ಟೂ ಕೊಳೆತಿದೆ ಅಂತ.”

ಎಲ್ಲೆಂದರಲ್ಲಿ ಬಡಿಯುವಂತಿರಲಿಲ್ಲ. ಮೂವತ್ತಾರು ಜಾಗ. ಮೂತಿಯಿಂದ ಹಿಂಭಾಗದವರೆಗೆ ಎಡಕ್ಕೆ ಹದಿನೆಂಟು, ಬಲಕ್ಕೆ ಹದಿನೆಂಟು. ನೀರು ತಾಗುವ ಗೆರೆಯ ಮೇಲೆ ಇಷ್ಟು, ತಳದ ಮರ ಕೂಡುವ ಕಡೆ ಇಷ್ಟು, ಎಂಜಿನ್ನಿನ ಕೆಳಗೆ ಇಷ್ಟು. ಅವರು ಮಗ್ಗಿ ಹೇಳುವವರ ಹಾಗೆ ಬಡಿಯುತ್ತ ಹೋಗುತ್ತಿದ್ದರು, ಅವಳು ಹಿಂದೆ. ಮೂರನೇ ವಾರಕ್ಕೆ ಅವಳ ಕೈಗೆ ಮೂವತ್ತಾರೂ ಬಂದಿದ್ದವು. ಕಣ್ಣು ಮುಚ್ಚಿಯೂ ಬಡಿಯಬಲ್ಲವಳಾಗಿದ್ದಳು.

“ಚೆನ್ನಾಗಿ ಕೇಳಿಸಿಕೊಳ್ತೀಯ,” ಎಂದು ಒಮ್ಮೆ ಹೇಳಿದರು. “ಈ ಹಿಂದೆ ಇಬ್ಬರು ಬಂದಿದ್ರು. ಅವರ ಒಳಗೇನೇ ಗಲಾಟೆ. ನಿನ್ನೊಳಗೆ ಗಲಾಟೆ ಇಲ್ಲ.”

ಅದು ಹೊಗಳಿಕೆ ಎಂದು ಅವಳಿಗೆ ತಿಳಿಯಿತು. “ಹೌದು ಸರ್,” ಅಂದಳು.

ದಿನಗಳು ಹಾಗೆ ಹೋದವು. ಮಳೆ ಬಂತು, ನಿಂತಿತು. ಕಬ್ಬಿಣದ ಸರಕು ಹಡಗು ಬಂದಾಗ ಅದರ ಹೊಟ್ಟೆಯ ಟ್ಯಾಂಕಿನೊಳಗೆ ಟಾರ್ಚು ಕಚ್ಚಿಕೊಂಡು ತೆವಳಿದಳು. ಮೈಗೆಲ್ಲ ತುಕ್ಕು ಮೆತ್ತಿತು. ಭಯವಾಗಲಿಲ್ಲವೇ ಎಂದು ಅತ್ತಿಗೆ ಕೇಳಿದಾಗ ಯೋಚಿಸಿ ನೋಡಿ, “ಗೊತ್ತಾಗ್ಲಿಲ್ಲ,” ಎಂದಳು. ದೋಣಿಯವರು ಅವಳಿಗೆ ಟಣ್ ಮೇಡಂ ಎಂದು ಹೆಸರಿಟ್ಟರು. ದಾಖಲೆ ಪುಸ್ತಕದ ಪುಟಗಳು ತುಂಬುತ್ತ ಬಂದವು. ಹನ್ನೊಂದನೇ ತಿಂಗಳು ಮುಗಿಯುವ ಹೊತ್ತಿಗೆ ತೊಂಬತ್ತಾಗಿತ್ತು. ತೊಂಬತ್ತರಲ್ಲಿ ಎಂಟು ದೋಣಿಗಳಿಗೆ ಮಾತ್ರ ರಿಪೇರಿ ಬರೆದಿದ್ದರು. ಉಳಿದವೆಲ್ಲ ಟಣ್ ಅಂದಿದ್ದವು. ಎಂಬತ್ತೇಳನೇ ಪುಟದಲ್ಲಿ ದೊಡ್ಡ ಲಾಂಚಿತ್ತು. ಪ್ರಯಾಣಕ್ಕೆ ಯೋಗ್ಯ, ಅವಳ ಸಹಿ, ಕಿವಿಯಪ್ಪನವರ ಸಹಿ.

ಕೊನೆಯ ಹತ್ತನ್ನು ಅವಳು ಒಬ್ಬಳೇ ನೋಡಬೇಕು, ಅವರು ಆಮೇಲೆ ಸಹಿ ಹಾಕಬೇಕು. ಅದು ಕಚೇರಿಯ ಪದ್ಧತಿ. ಹತ್ತರಲ್ಲಿ ಮೊದಲನೆಯದು ಚಿಕ್ಕ ಲಾಂಚು. ಅಂದು ಕಿವಿಯಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಅವಳು ಸುತ್ತಿಗೆಯ ಚೀಲ ಹಿಡಿದು ಮಧ್ಯಾಹ್ನ ಕಚೇರಿ ದಡದ ದೋಣಿಕಟ್ಟೆಗೆ ಹೋದಳು.

ಲಾಂಚನ್ನು ಮೇಲೆಳೆದು ಎರಡೂ ಪಕ್ಕ ಆಸರೆ ಕಂಬ ಕೊಟ್ಟು ನಿಲ್ಲಿಸಿದ್ದರು. ಹೊಸ ಹಸಿರು ಬಣ್ಣ, ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಲಾಂಚಿನ ಮರಗೆಲಸವೆಲ್ಲ ಒಬ್ಬ ಮುದಿ ಬಡಗಿಯದು. ಕಿವಿಯ ಮೇಲೆ ಪೆನ್ಸಿಲು, ಬಾಯಲ್ಲಿ ಎರಡು ಮೊಳೆ. ಮೊಳೆ ತೆಗೆಯದೆಯೇ ಮಾತಾಡುವುದರಲ್ಲಿ ಎತ್ತಿದ ಕೈ.

“ಬನ್ನಿ ಮೇಡಂ. ಇವತ್ತು ಒಬ್ರೇ? ಸಾಹೇಬ್ರನ್ನ ಕಿವಿ ಸಮೇತ ಮನೇಲಿ ಬಿಟ್ಟು ಬಂದ್ರಾ?”

“ಕಣ್ಣು ತೋರಿಸಕ್ಕೆ ಹೋಗಿದ್ದಾರೆ.”

“ಅವರಿಗೆ ಕಣ್ಣು ಯಾಕೆ?” ಎಂದ ಬಡಗಿ.

ಅವಳು ಮೂತಿಯಿಂದ ಶುರು ಮಾಡಿದಳು. ಟಣ್, ಟಣ್, ಟಣ್. ಎಡಗಡೆಯ ಏಳನೇ ಜಾಗಕ್ಕೆ ಬಂದಾಗ ಅಲ್ಲೊಂದು ಆಸರೆ ಕಂಬವಿತ್ತು. ಅದರ ತುದಿ ಸರಿಯಾಗಿ ಆ ಜಾಗದ ಮೇಲೆಯೇ ಕೂತಿತ್ತು.

“ಇರಿ ಮೇಡಂ, ಕಂಬ ಸರಿಸ್ತೀನಿ.”

“ಬೇಡ ಬಿಡಿ,” ಎಂದು ಅವಳು ಒಂದು ಮೊಳ ಈಚೆಗೆ ಬಡಿದಳು.

ಬದ್.

ಇನ್ನೊಮ್ಮೆ ಬಡಿದಳು. ಸುತ್ತಿಗೆ ವಾಪಸ್ಸು ಬರಲಿಲ್ಲ, ಅಲ್ಲೇ ಕೂತಂತಾಯಿತು. ಚೀಲದಿಂದ ದಬ್ಬಣ ತೆಗೆದು ಒತ್ತಿದಳು. ಬಣ್ಣದ ಪೊರೆ ಮೊದಲು ಸ್ವಲ್ಪ ತಡೆಯಿತು, ಆಮೇಲೆ ದಬ್ಬಣ ಹಿಡಿಯವರೆಗೆ ಸಲೀಸಾಗಿ ಒಳಗೆ ಹೋಯಿತು. ಹೊರಗೆಳೆದಾಗ ತುದಿಯಲ್ಲಿ ಕಪ್ಪಗೆ ಒದ್ದೆ ಪುಡಿ ಅಂಟಿತ್ತು.

ಬಡಗಿ ಬಾಯಿಂದ ಮೊಳೆ ತೆಗೆದ. ಅವನ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಗಾಬರಿ ಇರಲಿಲ್ಲ. ದಾರಿ ತಪ್ಪಿದವರಿಗೆ ದಾರಿ ಹೇಳುವವನ ಹಾಗೆ, “ಅದು ನಿಮ್ಮ ಜಾಗ ಅಲ್ವಲ್ಲ ಮೇಡಂ,” ಎಂದ.

“ನಮ್ಮ ಜಾಗ ಅಂದ್ರೆ?”

“ನಿಮ್ಮ ಮೂವತ್ತಾರು.”

ಅವನು ಅವಳನ್ನು ಕರೆದುಕೊಂಡು ಲಾಂಚಿನ ಸುತ್ತ ನಡೆದ. ಒಂದೊಂದು ಜಾಗಕ್ಕೂ ಹೆಬ್ಬೆರಳು ಒತ್ತಿ ತೋರಿಸಿದ. ಪ್ರತಿ ಜಾಗದಲ್ಲೂ ಎರಡಂಗೈ ಅಗಲದ ಹೊಸ ಮರದ ತುಂಡು, ಹಳೆಯ ಹಲಗೆಯೊಳಗೆ ಕೂದಲೆಳೆ ಸಂದಿಲ್ಲದೆ ಕೂಡಿಸಿದ್ದು. ಬಣ್ಣದ ಕೆಳಗೆ ಬೆರಳಿಗೆ ಮಾತ್ರ ತಿಳಿಯುವಂಥ ಕೆಲಸ. ಹಾಗೆ ತೋರಿಸುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು.

“ನಮ್ಮಪ್ಪನ ಕಾಲದಿಂದ ಈ ಮೂವತ್ತಾರನ್ನ ಕೆಡೋಕೆ ಬಿಟ್ಟಿಲ್ಲ. ಎರಡು ವರ್ಷಕ್ಕೊಂದ್ಸಲ ತೆಗೆದು ಹೊಸದು. ಸಾಹೇಬ್ರೂ ಅಷ್ಟೇ, ಒಂದು ಬೆರಳು ಆಚೀಚೆ ಬಡಿಯೋರಲ್ಲ. ಅಂಥ ಶಿಸ್ತಿನ ಮನುಷ್ಯ.”

“ಮಿಕ್ಕ ಕಡೆ?”

“ಮಿಕ್ಕ ಕಡೆ ಕಾನೂನು ಏನೂ ಕೇಳಲ್ವಲ್ಲ,” ಎಂದ ಬಡಗಿ. ಅವಳ ಮುಖ ನೋಡಿ ತುಸು ಅನುಮಾನ ಬಂದು, “ಕೇಳುತ್ತಾ?” ಎಂದ.

ಅವಳು ಸುತ್ತಿಗೆ ಎತ್ತಿಕೊಂಡಳು. ಆಮೇಲಿನ ಒಂದು ಗಂಟೆ, ಮೂವತ್ತಾರನ್ನು ಬಿಟ್ಟು ಉಳಿದ ಕಡೆ ಬಡಿದಳು. ಹದಿನಾಲ್ಕು ಕಡೆ ಬದ್ ಎಂದಿತು. ಹದಿನಾಲ್ಕು ಕಡೆಯೂ ಸೀಮೆಸುಣ್ಣದಿಂದ ಸುತ್ತು ಹಾಕಿದಳು. ಹಸಿರು ಲಾಂಚಿಗೆ ಬಿಳಿ ಸಿಡುಬು ಎದ್ದಂತಾಯಿತು.

“ಎಲ್ಲ ದೋಣಿಗೂ ಹೀಗೇನಾ?”

“ಎಲ್ಲ ಬಡಗಿಗಳಿಗೂ ಮೂವತ್ತಾರು ಗೊತ್ತು ಮೇಡಂ. ಅದನ್ನೇ ಮೊದಲು ಕಲಿಸೋದು.”

“ದೊಡ್ಡದು?”

“ದೊಡ್ಡದರ ಮಿಕ್ಕ ಕಡೆ ನಾನು ಬಿಚ್ಚಿ ನೋಡಿಲ್ಲ,” ಎಂದ ಬಡಗಿ. “ನೀವೇ ನೋಡಿದ್ರಲ್ಲ.”

ಸಂಜೆ ಐದೂವರೆಗೆ ಅವಳು ದೊಡ್ಡದರಲ್ಲಿ ಮನೆಗೆ ಹೊರಟಳು. ಬೇರೆ ದಾರಿ ಇರಲಿಲ್ಲ. ಎಂದಿನಂತೆ ತುಂಬಿತ್ತು. ಒಬ್ಬಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಇಬ್ಬರು ಗುಮಾಸ್ತರು ವರ್ಗಾವಣೆಯ ಮಾತಾಡುತ್ತಿದ್ದರು. ಕಾಲಿನ ಕೆಳಗೆ ಎಂಜಿನ್ನು ನಡುಗುತ್ತಿತ್ತು. ಇವರಿಗೆ ಹೇಳಬೇಕು ಅಂದುಕೊಂಡಳು. ಏನೆಂದು ಹೇಳುವುದು? ಲಾಂಚು ನದಿಯ ನಡುವೆ ಬಂತು, ನಡು ದಾಟಿತು, ದಡಕ್ಕೆ ಬಂದು ಟೈರುಗಳಿಗೆ ಮೈ ಒರೆಸಿ ನಿಂತಿತು. ಎಲ್ಲರೂ ಇಳಿದರು. ಅವಳೂ ಇಳಿದಳು. ಎದೆ ಬಡಿದುಕೊಳ್ಳಲಿಲ್ಲ. ಅದು ಸರಿಯಲ್ಲ, ಬಡಿದುಕೊಳ್ಳಬೇಕಿತ್ತು ಎಂದು ಮಾತ್ರ ಅನಿಸಿತು.

ಮನೆಯಲ್ಲಿ ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. “ಇನ್ನು ಎಷ್ಟು ಉಳೀತು?”

“ಇವತ್ತಿಂದು ಸೇರಿಸಿ ಹತ್ತು.”

“ಮುಗೀತಲ್ಲ ಹಾಗಾದ್ರೆ,” ಎಂದ ಅಣ್ಣ, ಪೇಪರಿನಿಂದ ತಲೆಯೆತ್ತದೆ. “ಆ ಎರಡು ಕೋಣೆಗೆ ಬಿಸಿಲು ಬರುತ್ತಾ ನೋಡಿದ್ಯಾ? ಬರದೇ ಇದ್ರೂ ಪರ್ವಾಗಿಲ್ಲ ಅನ್ನು.”

“ಓಡಿಸೋಕೆ ತುದಿಗಾಲಲ್ಲಿ ನಿಂತಿದ್ದಾರೆ ನಿಮ್ಮಣ್ಣ,” ಎಂದಳು ಅತ್ತಿಗೆ. ನಗುತ್ತಲೇ ಹೇಳಿದಳು. ಮಡಚಿದ ಬಟ್ಟೆಯಲ್ಲಿ ಮಕ್ಕಳದ್ದನ್ನು ಬೇರೆ ಮಾಡಿ ಅಮ್ಮನ ಕೋಣೆಯ ಕಪಾಟಿನಲ್ಲಿ ಇಟ್ಟಳು. ಅಲ್ಲಿ ಒಂದು ಅರೆ ಆಗಲೇ ಅವರದಾಗಿತ್ತು.

ಅವಳು ಕೋಣೆಯ ನೆಲದ ಮೇಲೆ ಕೂತಳು. ಅಮ್ಮ ಮಲಗಿದ ಮೊದಲ ವಾರವೇ ನರ್ಸಮ್ಮ ಹೇಳಿಕೊಟ್ಟಿದ್ದರು, ಮಲಗಿದವರ ಮೈ ಎಲ್ಲೆಲ್ಲಿ ಹುಣ್ಣಾಗುತ್ತದೆ ಎಂದು. ಹಿಮ್ಮಡಿ, ಸೊಂಟದ ಎರಡು ಮೂಳೆ, ಬೆನ್ನಿನ ಬುಡ, ಭುಜದ ಹಿಂದೆ, ತಲೆಯ ಹಿಂದೆ. ನಾಲ್ಕು ವರ್ಷ ಅವಳು ದಿನಕ್ಕೆ ಮೂರು ಸಲ ಆ ಜಾಗಗಳನ್ನು ಹೆಬ್ಬೆರಳಿಂದ ಒತ್ತಿ ನೋಡಿದ್ದಳು. ಅಲ್ಲೆಲ್ಲ ಅಮ್ಮನ ಚರ್ಮ ಕೊನೆಯವರೆಗೂ ಮಗುವಿನದರಂತೆ ಇತ್ತು. ಹುಣ್ಣಾದದ್ದು ಕಿವಿಯ ಹಿಂದೆ, ಉಸಿರಿನ ನಳಿಕೆಯ ದಾರ ಹಾದುಹೋಗುವ ಕಡೆ. ಡಾಕ್ಟರು ಕೂದಲು ಸರಿಸಿ ತೋರಿಸಿದಾಗ ಅದು ಮೂಳೆಯವರೆಗೆ ಇಳಿದಿತ್ತು. ನೋಡಿರಲಿಲ್ಲವಾ ಎಂದು ಕೇಳಿದ್ದರು. “ಹೇಳಿದ ಕಡೆಯೆಲ್ಲ ನೋಡ್ತಿದ್ದೆ,” ಎಂದಿದ್ದಳು. ಅದು ನಿಜವೂ ಆಗಿತ್ತು. ಅಮ್ಮನಿಗೆ ಆ ಹೊತ್ತಿಗೆ ಮಾತು ನಿಂತು ಎಂಟು ತಿಂಗಳಾಗಿತ್ತು. ನೋಯುತ್ತಿದೆ ಎಂದು ಹೇಳಲು ದಾರಿಯಿರಲಿಲ್ಲ.

ಮರುದಿನ ಬೆಳಗ್ಗೆ ಕಿವಿಯಪ್ಪ ಕಚೇರಿಯಲ್ಲಿದ್ದರು. ಕಣ್ಣಿಗೆ ಹಾಕಿದ ಔಷಧಿಯಿಂದ ರೆಪ್ಪೆ ಕೆಂಪಾಗಿತ್ತು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಕಂಬ, ದಬ್ಬಣ, ಬಡಗಿ ತೋರಿಸಿದ ಮೂವತ್ತಾರು ತುಂಡು, ಹದಿನಾಲ್ಕು ಸುತ್ತು. ಅವರು ತಡೆಯದೆ ಕೇಳಿದರು.

“ದಬ್ಬಣ ಎಷ್ಟು ಹೋಯ್ತು?”

“ಹಿಡಿಯವರೆಗೆ.”

ಅವರು ಫ್ಲಾಸ್ಕಿನ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. “ನಮ್ಮ ಸಾಹೇಬ್ರು ನನಗೆ ಮೂವತ್ತಾರು ಅಂತ ಕೊಟ್ರು. ಅವರ ಕಾಲದಲ್ಲಿ ದೋಣಿ ಮೊದಲು ಕೆಡ್ತಾ ಇದ್ದದ್ದು ಅಲ್ಲೇ. ಅದಕ್ಕೇ ಮೂವತ್ತಾರು.” ಕಿಟಕಿಯಾಚೆ ಯಾರೋ ಪೀಪಾಯಿ ಉರುಳಿಸಿಕೊಂಡು ಹೋಗುತ್ತಿದ್ದರು. “ನಾನೂ ಯೋಚನೆ ಮಾಡ್ತಿದ್ದೆ, ಈ ದೋಣಿಗಳೆಲ್ಲ ಇಷ್ಟು ಗಟ್ಟಿ ಹೇಗಿರ್ತವೆ ಅಂತ. ಬಡಗಿಗಳು ಒಳ್ಳೆಯವರು ಅಂದ್ಕೊಂಡೆ.”

“ಒಳ್ಳೆಯವರೇ ಸರ್.”

“ಹೌದು,” ಎಂದರು. “ಅದೇ ಕಷ್ಟ.”

ಆಮೇಲೆ ದಾಖಲೆ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. “ನೋಡಮ್ಮ, ಹೇಳೋದು ಕೇಳು. ಚಿಕ್ಕದಕ್ಕೆ ರಿಪೇರಿ ಬರಿ, ಅದು ನಿನ್ನ ತೊಂಬತ್ತೊಂದು. ಇನ್ನೊಂಬತ್ತು. ಹತ್ತು ದಿನದ ಕೆಲಸ. ಸಹಿ ಹಾಕ್ತೀನಿ, ಕಾಯಂ ಆಗ್ತೀಯ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಮತ್ತೆ ದಡಕ್ಕೆ ಎಳೆಸು, ಎಲ್ಲಿ ಬೇಕಾದ್ರೂ ಬಡಿ. ದೊಡ್ಡದನ್ನ ಮುಂದಿನ ವಾರ ನಾನೇ ಪಂಪು ಸರಿಯಿಲ್ಲ ಅಂತ ಏನೋ ನೆಪ ಹೇಳಿ ಮೇಲಕ್ಕೆ ತರಿಸ್ತೀನಿ. ಈಗಲೇ ಮೇಲಿನವರಿಗೆ ಬರೆದ್ರೆ ನಿನ್ನ ತೊಂಬತ್ತೂ ಹೋಗುತ್ತೆ. ಒಂದು ತಿಂಗಳಲ್ಲಿ ನೂರು ಯಾರಿಗೂ ಆಗಲ್ಲ.”

ಅವರ ಮಾತಿನಲ್ಲಿ ತಪ್ಪು ಹುಡುಕುವುದಕ್ಕೆ ಅವಳಿಗೆ ಆಗಲಿಲ್ಲ. ತನ್ನ ಮೇಜಿಗೆ ಹೋಗಿ ಕೂತಳು. ಎಂಟೂವರೆಯ ಲಾಂಚು ಕೂಗಿತು. ಹತ್ತು ದಿನವೆಂದರೆ, ದೊಡ್ಡದು ದಿನಕ್ಕೆ ಹನ್ನೆರಡು ಸಲ ದಾಟುತ್ತದೆ. ಒಂದು ವಾರವೆಂದರೂ ಎಂಬತ್ತನಾಲ್ಕು. ಅವಳು ಕಾಗದ ತೆಗೆದುಕೊಂಡಳು. ಧೈರ್ಯ ಅನ್ನುವಂಥದ್ದು ಏನೂ ಬಂದಿರಲಿಲ್ಲ. ಅಮ್ಮನ ಜ್ವರವನ್ನು ಹಾಳೆಯಲ್ಲಿ ಬರೆದಿಡುತ್ತಿದ್ದಾಗ ಹೇಗಿತ್ತೋ ಹಾಗೇ ಇತ್ತು. ಇಷ್ಟು ಗಂಟೆಗೆ ಇಷ್ಟು. ತಾನು ನೋಡಿದ್ದೇನೆಂದು ಸಹಿ ಹಾಕಿದ ತೊಂಬತ್ತು ದೋಣಿಗಳನ್ನು ತಾನು ಸರಿಯಾಗಿ ನೋಡಿಲ್ಲ. ಬಡಿದದ್ದು ಮೂವತ್ತಾರು ಕಡೆ ಮಾತ್ರ, ಆ ಮೂವತ್ತಾರು ಕಡೆ ಮಾತ್ರ ಹೊಸ ಮರ ಹಾಕಿಡುತ್ತಾರೆ. ಎಲ್ಲವನ್ನೂ ಮತ್ತೆ ನೋಡಬೇಕು. ದೊಡ್ಡ ಲಾಂಚನ್ನು ಇವತ್ತೇ ನಿಲ್ಲಿಸಬೇಕು. ಇಷ್ಟನ್ನು ಬರೆದು, ತೊಂಬತ್ತರ ಪಟ್ಟಿ ಲಗತ್ತಿಸಿ, ಅವರ ಮುಂದಿಟ್ಟಳು.

ಕಿವಿಯಪ್ಪ ಎರಡು ಸಲ ಓದಿದರು. ಕೆಂಪು ಕಣ್ಣುಗಳನ್ನು ಕರವಸ್ತ್ರದಿಂದ ಒತ್ತಿಕೊಂಡರು. ಔಷಧಿಯ ಉರಿಯೋ ಏನೋ.

“ನನ್ನ ಮೂವತ್ತೆರಡು ವರ್ಷನೂ ಇದರಲ್ಲಿ ಬಂತು,” ಎಂದರು.

“ನಿಮ್ಮ ಹೆಸರು ಬರೆದಿಲ್ಲ ಸರ್.”

“ತೊಂಬತ್ತು ಪುಟದಲ್ಲೂ ನನ್ನ ಸಹಿ ಇದೆ. ಹೆಸರು ಬೇರೆ ಬೇಕಾ?”

ಅವರು ಮೇಜಿನ ಡ್ರಾಯರು ಎಳೆದು, ಕಚೇರಿಯ ಸೀಲು ತೆಗೆದು, ಶಾಯಿಗೆ ಒತ್ತಿ, ಕಾಗದದ ಮೂಲೆಗೆ ಒತ್ತಿದರು. “ಸೀಲು ಇಲ್ದೆ ಮೇಲಿನವರು ಓದೋದೇ ಇಲ್ಲ,” ಎಂದರು. ಆಮೇಲೆ ಲಾಂಚು ನಿಲ್ಲಿಸುವ ಆದೇಶದ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿ, ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದು ಬರೆದರು.

ಹನ್ನೆರಡು ಗಂಟೆಗೆ ದೊಡ್ಡದು ನಿಂತಿತು. ಚಿಕ್ಕದು ಆಗಲೇ ಮೇಲಿತ್ತು. ಎರಡೂ ದಡದಲ್ಲಿ ಜನ ಸೇರಿ ಗೊಣಗಿದರು. ಸಂಜೆ ಅವಳು ಬಸ್ಸಿನಲ್ಲಿ ಸುತ್ತಿ ಬಳಸಿ ಮನೆಗೆ ಬಂದಾಗ ಅತ್ತಿಗೆ ಕಾಲು ಒತ್ತಿಕೊಳ್ಳುತ್ತ ಕೂತಿದ್ದಳು. ಅತ್ತಿಗೆಗೆ ಆ ದಡದ ಬಟ್ಟೆ ಅಂಗಡಿಯಲ್ಲಿ ಕೆಲಸ.

“ಯಾವನೋ ಪುಣ್ಯಾತ್ಮ ಲಾಂಚು ನಿಲ್ಲಿಸಿದ್ದಾನಂತೆ. ಬಸ್ಸಲ್ಲಿ ನಿಂತು ನಿಂತು ಸೊಂಟ ಬಿತ್ತು.”

“ನಾನೇ ಅತ್ತಿಗೆ.”

ಅತ್ತಿಗೆ ಕಾಲು ಒತ್ತುವುದನ್ನು ಬಿಟ್ಟು ಅವಳನ್ನು ನೋಡಿದಳು. ಅವಳು ನಡೆದದ್ದನ್ನು ಹೇಳಿದಳು, ತೊಂಬತ್ತು ಹೋಗುವುದನ್ನೂ ಸೇರಿಸಿ. ಅಣ್ಣ ಪೇಪರು ಕೆಳಗಿಟ್ಟ.

“ನಾನು ದಿನಾ ಆ ಎಂಜಿನ್ ಪಕ್ಕಾನೇ ಕೂರೋದು,” ಎಂದಳು ಅತ್ತಿಗೆ ಕೊನೆಗೆ. “ಬೆಚ್ಚಗಿರುತ್ತೆ ಅಂತ.” ಎದ್ದು ಒಲೆಯ ಕಡೆ ಹೋದಳು. ಮಕ್ಕಳ ಪುಸ್ತಕಗಳು ಕಿಟಕಿಯಲ್ಲೇ ಇದ್ದವು.

ಮೂರನೇ ದಿನ ನೀರು ಏರಿದಾಗ ದೊಡ್ಡದನ್ನು ಹಳಿಯ ಮೇಲೆ ಹತ್ತಿಸಿ ಕಟ್ಟೆಗೆ ಎಳೆದರು. ಅಷ್ಟರಲ್ಲಿ ಮೇಲಿನಿಂದ ಉತ್ತರ ಬಂದಿತ್ತು. ಕಿವಿಯಪ್ಪ ಅದನ್ನು ಓದಿ ಹೇಳಿದರು, ನಡುವೆ ನಿಲ್ಲಿಸದೆ. ತೊಂಬತ್ತು ಪುಟ ರದ್ದು. ತರಬೇತಿಯ ಅವಧಿ ವಿಸ್ತರಿಸಲು ಅವಕಾಶವಿಲ್ಲ. ತಿಂಗಳ ಕೊನೆಗೆ ಹುದ್ದೆ ಮುಗಿಯುತ್ತದೆ. ಅಲ್ಲಿಯವರೆಗೆ ಆಗುವಷ್ಟು ದೋಣಿಗಳನ್ನು ಮತ್ತೆ ನೋಡುವುದು. ಕಿವಿಯಪ್ಪನವರ ಮೇಲೆ ವಿಚಾರಣೆ ಬೇರೆ.

“ಇಪ್ಪತ್ತೇಳು ದಿನ,” ಎಂದರು. “ಬೇಕಿದ್ರೆ ಇವತ್ತೇ ಬಿಟ್ಟು ಹೋಗಬಹುದು. ಯಾರೂ ಕೇಳಲ್ಲ.”

ಅವಳು ಚೀಲ ಹೆಗಲಿಗೇರಿಸಿಕೊಂಡು ದೋಣಿಕಟ್ಟೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಅವರೂ ಬಂದು ದೂರದಲ್ಲಿ ಒಂದು ಮರದ ದಿಮ್ಮಿಯ ಮೇಲೆ ಕೂತರು.

ಬಡಗಿ ಏಣಿ ಹಿಡಿದು ನಿಂತಿದ್ದ. ಲಾಂಚಿನ ಮಾಲೀಕ ಕೊಡೆ ಬಿಡಿಸಿಕೊಂಡು ನೆರಳಿಗೆ ನಿಂತಿದ್ದ, ಮೈಕೈ ತುಂಬಿದ ಮನುಷ್ಯ, ಮೂರು ದಿನದಲ್ಲಿ ದನಿ ಕೂತುಹೋಗಿತ್ತು. ಅವಳು ಮೂತಿಯಿಂದ ಶುರು ಮಾಡಿ ಒಂದು ಅಂಗೈಯಷ್ಟೂ ಬಿಡದೆ ಬಡಿಯುತ್ತ ಬಂದಳು. ಟಣ್. ಟಣ್. ಬಡಿದ ಕಡೆ ಒಂದು ಚುಕ್ಕೆ ಇಡುತ್ತಿದ್ದಳು, ಮರೆತು ಮತ್ತೆ ಅಲ್ಲೇ ಬಡಿಯದ ಹಾಗೆ. ಒಂದು ಗಂಟೆಯಾಯಿತು. ಎಡಭಾಗದ ಅರ್ಧಕ್ಕೆ ಬಂದಿದ್ದಳು. ಒಂದೂ ಬದ್ ಬಂದಿರಲಿಲ್ಲ.

“ಏನ್ರೀ ಮೇಡಂ,” ಎಂದ ಮಾಲೀಕ. “ಕೊಳೆತಿದೆ ಕೊಳೆತಿದೆ ಅಂತ ಊರೆಲ್ಲ ಸಾರಿದ್ರಿ. ಎಲ್ಲಿ?”

“ಕೊಳೆತಿದೆ ಅಂತ ನಾನು ಬರೆದಿಲ್ಲ. ನೋಡಿಲ್ಲ ಅಂತ ಬರೆದಿದ್ದು.”

“ಗಟ್ಟಿ ಇದ್ರೆ?”

“ಗಟ್ಟಿ ಇದೆ ಅಂತ ಬರೀತೀನಿ.”

“ಅಷ್ಟಕ್ಕೆ ಎರಡು ದಡದ ಜನ ಬಸ್ಸಲ್ಲಿ ಸಾಯ್ಬೇಕಾ? ನಿಮ್ಮ ಕೆಲಸಾನೂ ಹೋಯ್ತಂತೆ. ಯಾರಿಗೆ ಏನು ಬಂತು ಇದರಿಂದ, ಹೇಳಿ ನೋಡೋಣ.”

ಅವಳು ಸುತ್ತಿಗೆಯ ಮೇಲಿನ ಬಣ್ಣದ ಚೂರನ್ನು ಉಗುರಿನಿಂದ ಕೆರೆದಳು. ಬಿಸಿಲು ಲಾಂಚಿನ ಹೊಟ್ಟೆಯ ಮೇಲೆ ಸರಿಯುತ್ತಿತ್ತು. ಚುಕ್ಕೆಗಳು ಮೂತಿಯಿಂದ ಅವಳವರೆಗೆ ಬಂದು ನಿಂತಿದ್ದವು, ಅಲ್ಲಿಂದಾಚೆ ಬರಿ ನೀಲಿ ಬಣ್ಣ.

“ಇನ್ನೂ ಎಷ್ಟು ಹೊತ್ತು?” ಎಂದ ಮಾಲೀಕ.

“ಮುಗಿಯೋವರೆಗೆ,” ಎಂದಳು. “ಈ ಕಡೆ ಎಂಜಿನ್ ಕೆಳಗೆ ಪೂರ್ತಿ ಬಾಕಿ ಇದೆ. ಅಲ್ಲಿ ಜನ ಬೆಚ್ಚಗಿರುತ್ತೆ ಅಂತ ಕೂತ್ಕೋತಾರೆ, ಅವರಿಗೆ ನಾನು ನೋಡಿದ್ದೀನಿ ಅಂತ...” ಎನ್ನುತ್ತಿದ್ದವಳು ಮಾತನ್ನು ಅಲ್ಲೇ ಬಿಟ್ಟು, ಬಗ್ಗಿ, ಕಂಬಗಳ ನಡುವೆ ನುಸುಳಿಕೊಂಡು ಲಾಂಚಿನ ಕೆಳಗೆ ನಡೆದುಹೋದಳು.